ಹಾಯಿ ಕಟ್ಟಿಕೊಂಡು ಅವ್ವನ ತವರಿಗೆ

ಹಾಸನದವರಿಗೆ ಹೇಮಾವತಿ ಅಂದರೆ ನಲ್ಲಿಯಲ್ಲಿ ಬರುವ ನೀರು. ಸಕಲೇಶಪುರದ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಲ್ಲಿ ಅರೆಗಳಿಗೆ ಕಾಣುವ ಹೊಳೆ. ಮಳೆಗಾಲದಲ್ಲಿ ಗೊರೂರಿನ ಅಣೆಕಟ್ಟೆಯ ಗೇಟು ತೆಗೆದರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುವ ನೋಟ. ನನಗೆ ಇವೆಲ್ಲದರ ಜೊತೆಗೆ ಇನ್ನೊಂದೂ ಇದೆ. ನಮ್ಮವ್ವ ಹುಟ್ಟಿದ ಊರು ಆ ನೀರಿನ ಕೆಳಗಿದೆ.

ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಊರು ಖಾಲಿಯಾದದ್ದು ಅದಕ್ಕೂ ಸ್ವಲ್ಪ ಮೊದಲು. ಆಗ ನನಗೆ ಆರು ವರ್ಷ. ಅಜ್ಜಿ ಮನೆಯದು ಅಂತ ನನಗೆ ಗಟ್ಟಿಯಾಗಿ ನೆನಪಿರುವುದು ಮೂರೇ. ಕೆಂಪು ಗಾರೆಯ ಜಗಲಿ, ಹಿತ್ತಲ ಬಾವಿಯ ರಾಟೆಯ ಕಿರ್ರೆನ್ನುವ ಸದ್ದು, ಬಾವಿ ಪಕ್ಕದ ಹಲಸಿನ ಮರ. ಉಳಿದದ್ದೆಲ್ಲ ಅವ್ವ ಹೇಳಿ ಹೇಳಿ ನನ್ನದೇ ನೆನಪೇನೋ ಅನ್ನುವ ಹಾಗೆ ಆಗಿದೆ. ಮದುವೆಯಾದ ಮೇಲೂ ಅವ್ವ ವರ್ಷಕ್ಕೆ ಮೂರು ಸಲ ತವರಿಗೆ ಹೋಗುತ್ತಿದ್ದರಂತೆ. ಊರು ಮುಳುಗಿದ ಮೇಲೆ ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಕಡೆ ಜಮೀನು ಸಿಕ್ಕಿ ಹೋದರು. ಅವರ ಮನೆಗಳಿಗೆ ಅವ್ವ ಹೋಗುತ್ತಾರೆ. ಆದರೆ ಯಾವುದನ್ನೂ ತವರು ಅನ್ನುವುದಿಲ್ಲ. 'ತಮ್ಮನ ಮನೆ' ಅನ್ನುತ್ತಾರೆ.

ಇನ್ನು ದೋಣಿಯ ವಿಷಯ. ನಮ್ಮ ಯಜಮಾನರು ಹದಿನೈದು ವರ್ಷ ನೌಕಾಪಡೆಯಲ್ಲಿದ್ದವರು. ಒಡಿಶಾದ ಚಿಲಿಕಾ ಸರೋವರದ ದಡದಲ್ಲಿ ತರಬೇತಿ, ಆಮೇಲೆ ಕೊಚ್ಚಿ, ವಿಶಾಖಪಟ್ಟಣ. ಹಾಯಿ ಬಿಡುವುದನ್ನು ಕಲಿತದ್ದು ಅಲ್ಲೇ. ನಂತರ ಹಾಸನಕ್ಕೆ ಬಂದು ಬ್ಯಾಂಕಿನಲ್ಲಿ ಕೆಲಸ ಮಾಡಿ ಹೋದ ವರ್ಷ ನಿವೃತ್ತರಾದರು. ಮರುವಾರವೇ ಮಲ್ಪೆ ಕಡೆಯಿಂದ 14 ಅಡಿಯ ಒಂದು ಹಳೇ ಫೈಬರ್ ದೋಣಿ ಕೊಂಡು, ಪಿಕಪ್‌ನಲ್ಲಿ ಹಾಕಿ ಶಿರಾಡಿ ಘಾಟಿ ಹತ್ತಿಸಿಕೊಂಡು ಬಂದರು. ಮನೆ ಮುಂದೆ ನಾಲ್ಕು ತಿಂಗಳು ಅದರದ್ದೇ ಕೆಲಸ. ಕಂಬಕ್ಕೆ ಗಾಳಿಮರ ತಂದರು. ಚುಕ್ಕಾಣಿಗೆ ನಮ್ಮ ಹಳೇ ಬಾಗಿಲಿನ ಹಲಗೆ.

ಹಾಯಿ ಹೊಲಿಸಿದ್ದು ಹಾಸನದಲ್ಲೇ. ಕಟ್ಟಿನಕೆರೆ ಮಾರುಕಟ್ಟೆ ಕಡೆ ಶಾಮಿಯಾನ ಹೊಲಿಯುವವರೊಬ್ಬರು ಸಿಕ್ಕರು. ಅವರು ಬಟ್ಟೆಯನ್ನು ನೆಟ್ಟಗೆ ಕತ್ತರಿಸಲು ಹೊರಟಾಗ ಇವರು ತಡೆದರು. ಹಾಯಿ ಚಪ್ಪಟೆ ಇದ್ದರೆ ಚೆನ್ನಾಗಿ ಎಳೆಯುವುದಿಲ್ಲ. ಅದಕ್ಕೆ ಸ್ವಲ್ಪ ಹೊಟ್ಟೆ ಬೇಕು. ಅಂಚನ್ನು ಬಿಲ್ಲಿನ ಹಾಗೆ ಬಾಗಿಸಿ ಕತ್ತರಿಸಿ, ನೆಟ್ಟಗಿರುವ ಕಂಬಕ್ಕೆ ಕಟ್ಟಿದರೆ ಆ ಹೆಚ್ಚಿನ ಬಟ್ಟೆ ಒಳಕ್ಕೆ ಹೋಗಿ ಹೊಟ್ಟೆಯಾಗುತ್ತದೆ. ಹೊಲಿಯುವವರು ಒಂದು ಕ್ಷಣ ಯೋಚಿಸಿ, "ಓಹೋ, ರವಿಕೆಗೆ ಟಕ್ಸ್ ಹಾಕಿದ ಹಾಗೆ ಅಲ್ವಾ ಸಾರ್" ಅಂದರು. ಅಲ್ಲಿಂದ ಮುಂದೆ ಅವರಿಗೆ ಏನೂ ಹೇಳಬೇಕಾಗಲಿಲ್ಲ.

ಹಿನ್ನೀರಿನಲ್ಲಿ ದೋಣಿ ಇಳಿಸಲು ಒಪ್ಪಿಗೆ ಬೇಕು. ಅದನ್ನು ಬರವಣಿಗೆಯಲ್ಲೇ ಪಡೆದೆವು. ಅಣೆಕಟ್ಟೆಯ ಹತ್ತಿರ ಸುಳಿಯಬಾರದು, ಕತ್ತಲಾದ ಮೇಲೆ ನೀರಿನಲ್ಲಿರಬಾರದು. ಎರಡೂ ಸರಿಯಾದ ಮಾತೇ. ಲೈಫ್ ಜಾಕೆಟ್ ಇಲ್ಲದೆ ನಾನು ಕಾಲಿಡುವುದಿಲ್ಲ ಅಂತ ನನ್ನದೂ ಒಂದು ಷರತ್ತು ಇತ್ತು. ಐದು ದಿನವೂ ಇಬ್ಬರೂ ಅದನ್ನು ಬಿಚ್ಚಲಿಲ್ಲ.

ಮೊದಲನೇ ದಿನ

ಸಂಕ್ರಾಂತಿ ಕಳೆದು ಮೂರನೇ ದಿನ ಹೊರಟೆವು. ಹೊರಡುವಾಗ ಅವ್ವ ಒಂದು ಪೊಟ್ಟಣ ಕೈಗೆ ಕೊಟ್ಟರು. ಎಳ್ಳುಬೆಲ್ಲ, ಎರಡು ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು. "ಇದು ನಿಮಗಲ್ಲ. ಊರಿಗೆ ಎಳ್ಳು ಬೀರಿ ಬಾ" ಅಂದರು. ಅಷ್ಟೇ. ನಾನು ಅದನ್ನು ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಟ್ಟೆ ಚೀಲದ ನಡುವೆ ಇಟ್ಟುಕೊಂಡೆ.

ದೋಣಿ ಇಳಿಸುವ ಜಾಗಕ್ಕೆ ಬಂದಾಗ ಬೆಳಿಗ್ಗೆ ಏಳು. ಮಂಜು ಎಷ್ಟಿತ್ತು ಅಂದರೆ ನೀರು ಎಲ್ಲಿ ಶುರುವಾಗುತ್ತದೆ ಅಂತಲೇ ತಿಳಿಯುತ್ತಿರಲಿಲ್ಲ. ಕಾಲಿಗೆ ತಣ್ಣಗೆ ತಗುಲಿದಾಗಲೇ ಗೊತ್ತು. ಪಿಕಪ್ಪಿನವರು, ಇಬ್ಬರು ಹುಡುಗರು, ನಾವಿಬ್ಬರು ಸೇರಿ ದೋಣಿ ತಳ್ಳಿದೆವು. ಮಂಜು ಎದ್ದ ಮೇಲೂ ಗಾಳಿ ಇಲ್ಲ. ಇವರು ಹುಟ್ಟು ಹಾಕಿದರು, ನಾನು ಚುಕ್ಕಾಣಿ ಹಿಡಿದೆ. ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ದೂಡಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಇದು ತಲೆಗೆ ಗೊತ್ತಾದರೂ ಕೈಗೆ ಗೊತ್ತಾಗಲು ಅರ್ಧ ದಿನ ಬೇಕಾಯಿತು.

ಹತ್ತು ಗಂಟೆ ಸುಮಾರಿಗೆ ನೀರಿನ ಮೇಲೆ ಸಣ್ಣ ಸಣ್ಣ ಸುಕ್ಕು ಕಾಣಿಸಿತು. ಮೂಡಗಾಳಿ. ನಮ್ಮ ಕಡೆ ಸಂಕ್ರಾಂತಿಯ ಆಸುಪಾಸಿನಲ್ಲಿ ಗಾಳಿ ಜಾಸ್ತಿ ಮೂಡಣದಿಂದಲೇ ಬೀಸುತ್ತದೆ. ರಾಗಿ ತೂರುವವರು ಇದನ್ನೇ ಕಾಯುತ್ತಿರುತ್ತಾರೆ. ನಾವು ಹೋಗಬೇಕಾದದ್ದು ಹೊಳೆ ಬರುವ ದಿಕ್ಕಿಗೆ, ಅಂದರೆ ಮಲೆನಾಡಿನ ಕಡೆಗೆ. ಹಾಗಾಗಿ ಗಾಳಿ ಬೆನ್ನ ಹಿಂದಿನಿಂದ ಸ್ವಲ್ಪ ಓರೆಯಾಗಿ ಸಿಕ್ಕಿತು. ಇವರು ಹಗ್ಗ ಎಳೆದರು, ಹಾಯಿ ಮೇಲೆ ಹೋಯಿತು. ಎರಡು ಸಲ ಪಟಪಟ ಬಡಿಯಿತು. ಆಮೇಲೆ ತುಂಬಿಕೊಂಡಿತು.

ಆ ಕ್ಷಣವನ್ನು ಹೇಗೆ ಹೇಳಲಿ? ಅದುವರೆಗೆ ಹುಟ್ಟಿನ ಸದ್ದು, ಇವರ ಏದುಸಿರು, ದೋಣಿಯ ಕುಲುಕಾಟ ಇತ್ತು. ಹಾಯಿ ತುಂಬಿದ ಕೂಡಲೇ ಎಲ್ಲ ನಿಂತುಹೋಯಿತು. ದೋಣಿ ಒಂದು ಬದಿಗೆ ಸ್ವಲ್ಪ ವಾಲಿ ತನ್ನಷ್ಟಕ್ಕೆ ತಾನೇ ನಡೆಯತೊಡಗಿತು. ಕೆಳಗಿನಿಂದ ನೀರು ಗುಳುಗುಳು ಅನ್ನುವುದೊಂದೇ ಸದ್ದು. ಇವರ ಮುಖ ನೋಡಿದೆ. ಮದುವೆಯಾದ ಹೊಸದರಲ್ಲಿ ರಜೆಗೆ ಬಂದು ಹಡಗಿನ ಕಥೆ ಹೇಳುತ್ತಿದ್ದಾಗ ಇದ್ದ ಮುಖ.

ದೋಣಿಯ ತಳ ಚಪ್ಪಟೆ. ಪಕ್ಕದಿಂದ ಗಾಳಿ ಬಂದರೆ ಮುಂದೆ ಹೋಗುವ ಬದಲು ಸುಮ್ನೆ ಪಕ್ಕಕ್ಕೆ ಜಾರುತ್ತದೆ. ಅದಕ್ಕೆ ಎರಡೂ ಬದಿಗೆ ಒಂದೊಂದು ಹಲಗೆ ನೇತುಹಾಕಿದ್ದರು. ಬೇಕಾದಾಗ ನೀರಿಗೆ ಇಳಿಸುವುದು, ನೀರು ತೆಳುವಾದರೆ ಎತ್ತುವುದು. ಈ ಹಲಗೆಯ ಕೆಲಸ ನನ್ನದಾಯಿತು. ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುತ್ತಿದ್ದೆವೇನೋ. ನಡೆದುಕೊಂಡು ಹೋದರೂ ಅಷ್ಟೇ ಆಗುತ್ತದೆ. ಆದರೆ ನಡೆಯುವವರಿಗೆ ದಾರಿ ನೋಡುವುದೇ ಕೆಲಸ. ನಮಗೆ ಎರಡೂ ದಡ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಬಂತು. ಆಗಿನ ಗುಡ್ಡಗಳು ಈಗ ನಡುಗಡ್ಡೆ. ಆಗಿನ ಹಳ್ಳದ ದಾರಿಗಳು ಈಗ ನೀರಿನ ತೋಳು. ಒಂದೊಂದು ತೋಳೂ ಒಳಗೊಳಗೆ ಹೋಗಿ ಯಾವುದೋ ಊರಿನ ಹೊಲದಲ್ಲಿ ಮುಗಿಯುತ್ತದೆ. ನೀರು ಇಳಿದ ಕಡೆ ಹಸಿ ಮಣ್ಣಿನಲ್ಲಿ ಜನ ಬಿತ್ತನೆಗೆ ಇಳಿದಿದ್ದರು. ಒಣಗಿದ ಮರದ ತುದಿಯಲ್ಲಿ ಹಾವಕ್ಕಿಗಳು ರೆಕ್ಕೆ ಹರಡಿ ಬಿಸಿಲಿಗೆ ಕೂತಿದ್ದವು. ರೀವಗಳು ತಲೆಯ ಮೇಲೆ ಒಂದು ಸುತ್ತು ಹಾಕಿ ನಮ್ಮನ್ನು ನೋಡಿಕೊಂಡು ಹೋದವು.

ಸಂಜೆ ಒಂದು ದಡದಲ್ಲಿ ರಾಗಿ ಒಕ್ಕಣೆ ನಡೆಯುತ್ತಿತ್ತು. ಕಣದ ಪಕ್ಕ ಡೇರೆ ಹಾಕಿಕೊಳ್ಳಬಹುದಾ ಅಂತ ಕೇಳಿದೆವು. ಆ ಮನೆಯ ಹೆಂಗಸು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಡೇರೆ ಯಾಕಕ್ಕ, ಜಗಲಿ ಇಲ್ವಾ?" ಅಂದರು. ಮುದ್ದೆ, ಹಿತಕಿದ ಬೇಳೆ ಸಾರು. ಸೊಗಡವರೆಯ ಆ ವಾಸನೆ ಈ ತಿಂಗಳಲ್ಲಿ ಇಡೀ ಹಾಸನದ ಮನೆಗಳಲ್ಲಿ ಇರುತ್ತದೆ. ಆದರೆ ಇಡೀ ದಿನ ನೀರಿನ ಮೇಲಿದ್ದು ಬಂದವರಿಗೆ ಅದರ ರುಚಿಯೇ ಬೇರೆ.

ಎರಡನೇ ದಿನ

ಗಾಳಿ ಇಲ್ಲ. ಹನ್ನೆರಡಾದರೂ ಇಲ್ಲ. ನೀರು ಗಾಜಿನ ಹಾಗೆ. ಹಾಯಿ ಒಣಗಲು ಹಾಕಿದ ಸೀರೆಯ ಹಾಗೆ ಜೋತುಬಿದ್ದಿತ್ತು. ಶಾಲೆಯಲ್ಲಿ ಗಂಟೆ ಹೊಡೆದರೆ ಎದ್ದು ಗಂಟೆ ಹೊಡೆದರೆ ಕೂತು ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳು ನಾನು. ಒಂದು ಗಂಟೆ ಸುಮ್ಮನೆ ಕೂರುವುದು ಕಷ್ಟವಾಯಿತು. ಆಮೇಲೆ ರೂಢಿಯಾಯಿತು. ಗುಳುಮುಳುಕ ಎಷ್ಟು ಹೊತ್ತು ನೀರಿನೊಳಗೆ ಇರುತ್ತದೆ ಅಂತ ಎಣಿಸಿದೆ. ಇಪ್ಪತ್ತಕ್ಕೆ ಒಂದು ಎದ್ದಿತು, ಇನ್ನೊಂದು ಹದಿನಾಲ್ಕಕ್ಕೆ. ಅವಲಕ್ಕಿಗೆ ಹುಚ್ಚೆಳ್ಳು ಚಟ್ನಿಪುಡಿ, ಮೊಸರು ಕಲಸಿ ತಿಂದೆವು.

ಎರಡು ಗಂಟೆ ಮೇಲೆ ಗಾಳಿ ಬಂತು, ಒಮ್ಮೆಗೇ ಜೋರಾಗಿ. ಇವರು ಹುರುಪಿನಲ್ಲಿ ಹಾಯಿ ಪೂರ್ತಿ ಬಿಟ್ಟರು. ಹತ್ತು ನಿಮಿಷ ಆಗಿರಬೇಕು. ದೋಣಿಯ ಹಿಂದೆ ಕಟಕ್ ಅಂತ ಸದ್ದು. ಚುಕ್ಕಾಣಿಯ ಹಿಡಿ ನನ್ನ ಕೈಯಲ್ಲಿ ಸಡಿಲವಾಗಿ ಬಿಟ್ಟುಕೊಂಡಿತು. ನೀರಿನೊಳಗೆ ಮರದ ಬೊಡ್ಡೆ ಇತ್ತು. ಮೇಲಿಂದ ಏನೂ ಕಾಣುತ್ತಿರಲಿಲ್ಲ. ಮುಳುಗಡೆಯಾಗಿ ಇಷ್ಟು ವರ್ಷವಾದರೂ ಗಟ್ಟಿ ಮರಗಳ ಬೊಡ್ಡೆಗಳು ಹಾಗೇ ನಿಂತಿವೆ. ನೀರಿನ ಮಟ್ಟ ಇಳಿಯುತ್ತಾ ಬಂದ ಹಾಗೆ ಒಂದೊಂದೇ ದೋಣಿಯ ತಳಕ್ಕೆ ಎಟುಕುತ್ತವೆ.

ಹಾಯಿ ಇಳಿಸಿ ಹುಟ್ಟಿನಲ್ಲೇ ದಡಕ್ಕೆ ಹೋದೆವು. ನನ್ನ ಕೈ ನಡುಗುತ್ತಿತ್ತು. ಹೆದರಿಕೆಯೇ ಆಗಿತ್ತು. ಇವರಿಗೂ ಆಗಿತ್ತು, ಆದರೆ ಇವರು ಹೆದರಿದಾಗ ಮಾತು ಕಡಿಮೆ ಮಾಡುತ್ತಾರೆ.

ಆ ದಡದಲ್ಲಿ ಮೀನು ಹಿಡಿಯುವವರ ನಾಲ್ಕು ಗುಡಿಸಲು. ಟಾರ್ಪಾಲಿನ ಮಾಡು, ಹೊರಗೆ ಕವುಚಿ ಹಾಕಿದ ತೆಪ್ಪಗಳು. ಬಿದಿರಿನ ದಬ್ಬೆಯಲ್ಲಿ ಬುಟ್ಟಿಯ ಹಾಗೆ ಹೆಣೆದು, ಹೊರಗೆ ಹಾಳೆ ಹೊದಿಸಿ, ಅದರ ಮೇಲೆ ಟಾರು ಬಳಿದ ತೆಪ್ಪ. ಹಿಂದೆಲ್ಲ ಚರ್ಮ ಹೊದಿಸುತ್ತಿದ್ದರು. ಅಲ್ಲಿದ್ದ ಒಬ್ಬ ವಯಸ್ಸಾದವರು ಬಂದು ಚುಕ್ಕಾಣಿ ನೋಡಿದರು, ದೋಣಿ ನೋಡಿದರು, ಹಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಗಾಳಿ ಜೋರಿದ್ದಾಗ ನಾವೂ ಟಾರ್ಪಾಲ್ ಹಿಡೀತೀವಿ ಸಾರ್. ಆದ್ರೆ ತೆಪ್ಪ ದುಂಡಗೈತಲ್ಲ, ಗಾಳಿ ಹೋದ ಕಡೆಗೇ ಹೋಗ್ತದೆ" ಅಂದರು. ನೂರು ಪುಟದ ಪುಸ್ತಕದಲ್ಲಿ ಹೇಳುವ ಮಾತು ಅದು. ಉದ್ದನೆಯ ದೋಣಿ, ಕೆಳಗೆ ಇಳಿಸಿದ ಹಲಗೆ, ಹಿಂದೆ ಚುಕ್ಕಾಣಿ, ಇವಿದ್ದರೆ ಮಾತ್ರ ಗಾಳಿ ಹೋಗದ ಕಡೆಗೂ ಹೋಗಬಹುದು.

ಚುಕ್ಕಾಣಿಯನ್ನು ಅವರೇ ಸರಿಮಾಡಿಕೊಟ್ಟರು. ಸೀಳಿದ ಕಡೆ ಎರಡೂ ಬದಿಗೆ ಬಿದಿರಿನ ದಬ್ಬೆ ಇಟ್ಟು, ಬಲೆಯ ನೈಲಾನ್ ದಾರದಿಂದ ಬಿಗಿಯಾಗಿ ಸುತ್ತಿ, ಮೇಲೆ ಟಾರು ಬಳಿದರು. ಮುರಿದ ಮೂಳೆಗೆ ಕಟ್ಟು ಹಾಕುವವರ ಹಾಗೆ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬೀಸುಬಲೆಯಲ್ಲಿ ಸಿಕ್ಕಿದ್ದ ಜಿಲೇಬಿ ಮೀನಿನ ಸಾರು ಮಾಡಿ ಬಡಿಸಿದರು. ನಾನು ನಮ್ಮ ಡಬ್ಬಿಯಲ್ಲಿದ್ದ ಚಕ್ಕುಲಿ ಎಲ್ಲಾ ಮಕ್ಕಳಿಗೆ ಹಂಚಿದೆ.

ಊಟ ಮಾಡುತ್ತಾ ಅವ್ವನ ಊರಿನ ಹೆಸರು ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಕೂತರು. "ಗೊತ್ತಕ್ಕ. ಅಲ್ಲಿ ನನ್ನ ಎರಡು ಬಲೆ ಹೋಗೈತೆ."

ಆಮೇಲೆ ಅವರು ಹೇಳಿದ್ದನ್ನು ನಾನು ಮರೆಯುವ ಹಾಗಿಲ್ಲ. ಹಿನ್ನೀರಿನಲ್ಲಿ ಮುಳುಗಿರುವ ಊರುಗಳನ್ನು ಅವರು ಕಂಡವರಲ್ಲ, ಬೇರೆ ಕಡೆಯಿಂದ ಬಂದವರು. ಆದರೆ ಬಲೆ ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಗೊತ್ತು. ಹೊಲ ಇದ್ದ ಕಡೆ ಬಲೆ ಸಲೀಸಾಗಿ ಬರುತ್ತದೆ. ತೋಪು ಇದ್ದ ಕಡೆ ಹರಿಯುತ್ತದೆ. ಊರಿದ್ದ ಕಡೆ ಕಲ್ಲಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಎಷ್ಟು ಎಳೆದರೂ ಬರುವುದಿಲ್ಲ. ಹಾಗೆ ಹರಿದ ಬಲೆಗಳಲ್ಲೇ ಅವರಿಗೆ ಊರುಗಳ ನಕ್ಷೆ ಇದೆ.

"ನಾಡಿದ್ದು ಬರ್ತೀನಿ. ಚರ್ಚಿನ ಕಡೆ ಹೋಗಿ ಬನ್ನಿ ಮೊದಲು" ಅಂದರು.

ಮೂರನೇ ದಿನ

ಶೆಟ್ಟಿಹಳ್ಳಿ ಚರ್ಚನ್ನು ರಸ್ತೆಯಿಂದ ಎಷ್ಟೋ ಸಲ ನೋಡಿದ್ದೇನೆ. ಹಾಸನದಿಂದ ಸುಮಾರು 20 ಕಿಲೋಮೀಟರ್. ಶಾಲೆಯ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆ. ನೀರಿನ ಕಡೆಯಿಂದ ಬಂದಾಗ ಅದು ಬೇರೆಯೇ ಆಗಿ ಕಂಡಿತು. ದೂರದಲ್ಲಿ ಮೊದಲು ಬಿಳಿ ಚುಕ್ಕೆ. ಆಮೇಲೆ ಕಮಾನುಗಳು. ಕಮಾನಿನ ಮೂಲಕ ಆಚೆ ಬದಿಯ ಆಕಾಶ. ನೀರಿನಲ್ಲಿ ಅದರದ್ದೇ ತಲೆಕೆಳಗಾದ ಇನ್ನೊಂದು ಚರ್ಚು.

ಫ್ರಾನ್ಸಿನಿಂದ ಬಂದ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಅಂತ ಸುತ್ತಲಿನ ಜನ ಹೇಳುತ್ತಾರೆ. ಅಣೆಕಟ್ಟೆ ಬಂದ ಮೇಲೆ ಊರಿನವರು ಎದ್ದು ಹೋದರು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಮುಕ್ಕಾಲು ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ಒಣಗಿ ನಿಲ್ಲುತ್ತದೆ. ಪ್ರತಿ ವರ್ಷ ನೆನೆದು ಒಣಗಿ, ನೆನೆದು ಒಣಗಿ, ಗೋಡೆಗಳು ಒಂದೊಂದೇ ಕಡೆ ಕುಸಿಯುತ್ತಿವೆ. ನಾನು ಮಕ್ಕಳ ಜೊತೆ ಬಂದಾಗ ಇದ್ದ ಒಂದು ಗೋಡೆ ಈಗ ಇಲ್ಲ.

ನಾವು ಹೋದಾಗ ಬುಡದಲ್ಲಿ ಸೊಂಟದಷ್ಟು ನೀರಿತ್ತು. ಇವರು ಹಾಯಿ ಇಳಿಸಿದರು. ಒಳಗೆ ದೋಣಿ ಬಿಡಬಹುದಿತ್ತು. ಆದರೆ ಬೇಡ ಅನ್ನಿಸಿತು. ಕಲ್ಲು ಬೀಳುವ ಅಪಾಯ ಒಂದು, ಅದು ಪೂಜೆ ನಡೆದ ಜಾಗ ಅನ್ನುವುದು ಇನ್ನೊಂದು. ಹೊರಗೇ ಲಂಗರು ಹಾಕಿ ಕೂತೆವು. ದಡದಲ್ಲಿ ಪ್ರವಾಸಿಗರು ಫೋಟೋ ತೆಗೆದುಕೊಳ್ಳುತ್ತಿದ್ದರು. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದ ಒಂದು ಜೋಡಿ ನಮ್ಮ ದೋಣಿಯನ್ನೂ ಸೇರಿಸಿಕೊಂಡು ತೆಗೆಸಿಕೊಂಡಿತು. ಗೋಡೆ ಹತ್ತಿ ಕೂತ ಹುಡುಗರನ್ನು ಕಂಡಾಗ ಮಾತ್ರ ಸಂಕಟವಾಯಿತು. ಹತ್ತಬೇಡಿ, ದಯವಿಟ್ಟು. ಇಲ್ಲಿಂದ ಎದ್ದು ಹೋದ ಮನೆತನಗಳಿಗೆ ಇದು ಇನ್ನೂ ತಮ್ಮ ಚರ್ಚೇ.

ನಮ್ಮವ್ವನ ಊರಿಗೆ ನಿಂತು ತೋರಿಸಲು ಒಂದು ಗೋಡೆಯೂ ಇಲ್ಲವಲ್ಲ ಅಂತ ಅಲ್ಲಿ ಕೂತಾಗ ಅನ್ನಿಸಿತು. ಇವರಿಗೆ ಹೇಳಿದೆ. ಇವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಗ್ಗದ ಸುರುಳಿ ತೆಗೆದು ಒಂದೊಂದು ಮಾರಿಗೆ ಒಂದೊಂದು ಗಂಟು ಹಾಕುತ್ತಾ ಕೂತರು. ತುದಿಗೆ ಒಂದು ಗುಂಡುಕಲ್ಲು ಕಟ್ಟಿದರು. ಎರಡೂ ಕೈ ಅಗಲಿಸಿದರೆ ಒಂದು ಮಾರು, ಹತ್ತಿರ ಹತ್ತಿರ ಆರು ಅಡಿ. ಹಡಗಿನವರು ಆಳ ನೋಡುವುದೂ ಇದೇ ಲೆಕ್ಕದಲ್ಲಂತೆ. ನಮ್ಮ ಅಜ್ಜಿ ಹೂವು ಅಳೆಯುತ್ತಿದ್ದದ್ದೂ ಮಾರಿನಲ್ಲೇ.

ನಾಲ್ಕನೇ ದಿನ

ಮೀನು ಹಿಡಿಯುವ ಆ ಅಜ್ಜ ಹೇಳಿದ ಹೊತ್ತಿಗೆ ಸರಿಯಾಗಿ ತೆಪ್ಪದಲ್ಲಿ ಬಂದರು. ಮುಂದೆ ಅವರು, ಹಿಂದೆ ನಾವು. ಬೆಳಗಿನ ಗಾಳಿ ಹಗುರವಾಗಿತ್ತು. ಒಂದು ತಿರುವು ದಾಟಿದ ಮೇಲೆ ನೀರು ಅಗಲವಾಗಿ ತೆರೆದುಕೊಂಡಿತು. ಆಚೆ ದಡದಲ್ಲಿ ಒಂದು ಗುಡ್ಡ, ಅದರ ನೆತ್ತಿಯಲ್ಲಿ ಒಂದರ ಮೇಲೊಂದು ಕೂತ ಎರಡು ಬಂಡೆ.

ನನಗೆ ಮೈ ಜುಮ್ಮೆಂದಿತು. ಆ ಬಂಡೆ ನನಗೆ ಗೊತ್ತು. ನೋಡಿದ ನೆನಪಿಲ್ಲ, ಆದರೆ ಗೊತ್ತು. 'ಗುಡ್ಡದ ಮೇಲೆ ತಾಯಿಬಂಡೆ ಮಗುವನ್ನ ಎತ್ತಿಕೊಂಡಿದ್ಲು' ಅಂತ ಅವ್ವ ಕಥೆ ಹೇಳುತ್ತಿದ್ದರು. ಊರು ಎಲ್ಲಿತ್ತು ಅಂತ ಕೇಳಿದರೆ ಅವ್ವನದು ಯಾವಾಗಲೂ ಒಂದೇ ಉತ್ತರ. "ತಾಯಿಬಂಡೆಯಿಂದ ಮೂಡಣಕ್ಕೆ ಒಂದು ಕೂಗಳತೆ." ದನ ಕಾಯಲು ಹೋದ ಮಾವಂದಿರನ್ನು ಅಜ್ಜಿ ಊಟಕ್ಕೆ ಜಗಲಿಯಿಂದಲೇ ಕೂಗಿ ಕರೆಯುತ್ತಿದ್ದರಂತೆ.

ಕೂಗಳತೆಯನ್ನು ಅಳೆಯುವುದು ಹೇಗೆ? ಕೂಗಿಯೇ ಅಳೆಯಬೇಕು. ಇವರು ದಡಕ್ಕಿಳಿದು ಗುಡ್ಡ ಹತ್ತಿದರು. ಅಜ್ಜ ದೋಣಿಗೆ ಬಂದು ಹುಟ್ಟು ಹಿಡಿದರು, ತೆಪ್ಪವನ್ನು ಹಿಂದೆ ಕಟ್ಟಿಕೊಂಡೆವು. ಬಂಡೆಯ ಪಕ್ಕ ಇವರ ಕಿತ್ತಳೆ ಜಾಕೆಟ್ ಸಣ್ಣದಾಗಿ ಕಾಣಿಸಿತು. ನಾವು ಮೂಡಣಕ್ಕೆ ಸರಿಯುತ್ತಾ ಹೋದೆವು. ಪ್ರತಿ ಎರಡು ನಿಮಿಷಕ್ಕೆ ಇವರು "ಓ…" ಅಂತ ಕೂಗಬೇಕು. ಕೇಳಿದರೆ ನಾನು ಟವಲ್ ಬೀಸಬೇಕು. ಮೊದಲು ಜೋರಾಗಿ ಕೇಳುತ್ತಿತ್ತು. ಆಮೇಲೆ ಸ್ಪಷ್ಟವಾಗಿ. ಆಮೇಲೆ ಕಿವಿಗೊಟ್ಟರೆ ಮಾತ್ರ. ಕೊನೆಗೆ ನೀರಿನ ಸದ್ದೋ ಕೂಗೋ ತಿಳಿಯದ ಹಾಗೆ. ಅಲ್ಲಿ ನಾನು ಕೈ ತೋರಿಸಿದೆ, ಅಜ್ಜ ಹುಟ್ಟು ನಿಲ್ಲಿಸಿದರು.

ಅವರು ನಕ್ಕರು. "ನನ್ನ ಬಲೆ ಹೋಗಿದ್ದು ಇಲ್ಲೇ ಕಣಕ್ಕ."

ಅವರೇ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟರು. ಮೊದಲ ಸಲ ನಾಲ್ಕು ಮಾರು, ಕೆಸರಿಗೆ ಮೆತ್ತಗೆ ತಗುಲಿತು. ಸ್ವಲ್ಪ ಸರಿದು ಇನ್ನೊಮ್ಮೆ. ಮೂರು ಮಾರಿಗೇ ಟಕ್ ಅಂತ ನಿಂತಿತು. ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಎತ್ತಿ ಇಳಿಸಿದೆ. ಮತ್ತೆ ಟಕ್. ಕಲ್ಲಿನ ಮೇಲೆ ಕಲ್ಲು. ಗೋಡೆಯೋ, ಗುಡಿಯ ಕಟ್ಟೆಯೋ, ಯಾರ ಮನೆಯ ಜಗಲಿಯೋ. ಆ ಟಕ್ ಅನ್ನುವ ಸದ್ದು ಹಗ್ಗದಲ್ಲಿ ಬಂದು ಅಂಗೈಗೆ ತಾಗಿತು. ನಾನು ಎಷ್ಟು ಸಲ ಎತ್ತಿ ಇಳಿಸಿದೆನೋ ಗೊತ್ತಿಲ್ಲ. ಅಜ್ಜ ಬೇರೆ ಕಡೆ ಮುಖ ಮಾಡಿ ಕೂತಿದ್ದರು.

ಆಮೇಲೆ ಹೋಗಿ ಇವರನ್ನು ಕರೆತಂದೆವು. ಫೋನಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಇತ್ತು. ಅವ್ವನಿಗೆ ಮಾಡಿದೆ.

"ಅವ್ವಾ, ಊರಿನ ಮೇಲಿದ್ದೀವಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಾಯಿಬಂಡೆ ಐತಾ?"

"ಐತೆ ಅವ್ವ. ಮಗೂನೂ ಐತೆ."

"ಬಿಸಿಲು ಎಲ್ಲೈತೆ ಈಗ?"

ಬಂಡೆಯ ಕಡೆಗೆ ವಾಲಲು ಶುರುವಾಗಿದೆ ಅಂದೆ. "ಹಂಗಾದ್ರೆ ಜಗಲಿ ಮೇಲೆ ನೆರಳು ಬಂದಿರ್ತದೆ. ಬಾವಿ ಆ ನೆರಳಿನ ಕಡೆಗೇ" ಅಂದರು. ನನಗೆ ತಿಳಿಯಲಿಲ್ಲ. ಅವ್ವನಿಗೆ ತಿಳಿಯಿತು. ನೀರಿನ ಮೇಲೆ ನೆರಳಿರಲಿಲ್ಲ, ನಮ್ಮ ಹಾಯಿಯದೊಂದು ಬಿಟ್ಟು. ಆ ಹಾಯಿಯ ನೆರಳು ಬಿದ್ದ ಕಡೆಗೆ ಪೊಟ್ಟಣ ಬಿಚ್ಚಿ ಎಳ್ಳುಬೆಲ್ಲ ಹಾಕಿದೆ. ಬೆಲ್ಲದ ಚೂರು, ಕೊಬ್ಬರಿ, ಹುರಿಗಡಲೆ. ಎಳ್ಳು ಸ್ವಲ್ಪ ಹೊತ್ತು ತೇಲಿತು. ಸಕ್ಕರೆ ಅಚ್ಚಿನಲ್ಲಿ ಒಂದು ಗಿಳಿ, ಒಂದು ತುಳಸಿಕಟ್ಟೆ ಇತ್ತು. ಕೈಯಿಂದ ಬಿಟ್ಟ ಕೂಡಲೇ ಬೆಳ್ಳಗೆ ಕಾಣುತ್ತಾ ಕಾಣುತ್ತಾ ಕೆಳಗೆ ಹೋದವು. ಕಬ್ಬಿನ ತುಂಡನ್ನೂ ಹಾಕಿದೆ.

"ಎಳ್ಳು ಬೀರಿದೆ ಅವ್ವ" ಅಂದೆ.

"ಆಯ್ತು. ಎಳ್ಳು ತಿಂದು ಒಳ್ಳೆ ಮಾತಾಡು ಅಂತ ಹೇಳ್ದಾ?"

ಹೇಳಿರಲಿಲ್ಲ. ಹೇಳಿದೆ, ನೀರಿನ ಕಡೆ ಬಗ್ಗಿ, ಜೋರಾಗಿಯೇ. ಇವರು ಕಂಬ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದರು. ಸಿಗ್ನಲ್ ಹೋಯಿತು.

ಈ ನೀರನ್ನು ನಾನು ದೂರುವುದಿಲ್ಲ. ಸುಮಾರು 37 ಟಿಎಂಸಿ ಹಿಡಿಯುವ ಜಲಾಶಯ ಇದು. ನಮ್ಮ ಜಿಲ್ಲೆಯ, ಮಂಡ್ಯದ, ತುಮಕೂರಿನ ಎಷ್ಟೋ ಹೊಲಗಳಿಗೆ ಇಲ್ಲಿಂದ ನಾಲೆ ಹೋಗಿದೆ. ತುಮಕೂರಿನ ಕಡೆ ಕೊಟ್ಟ ನನ್ನ ತಂಗಿಯ ತೋಟದಲ್ಲೂ ಇದೇ ನೀರಿದೆ. ಆದರೆ ನಾಲೆಯ ಕೊನೆಯಲ್ಲಿ ನಿಂತು ನೋಡುವವರು ಒಮ್ಮೆಯಾದರೂ ಈ ತುದಿಗೂ ಬಂದು ನೋಡಬೇಕು ಅಂತ ನನ್ನ ಆಸೆ. ಅವಳಿಗೂ ಹೇಳಿದ್ದೇನೆ.

ಆ ರಾತ್ರಿ ತಾಯಿಬಂಡೆಯ ಬುಡದಲ್ಲಿ ಡೇರೆ ಹಾಕಿದೆವು. ಅಜ್ಜ ಹೊರಟುಹೋದರು. ಹೋಗುವ ಮುಂಚೆ ಒಂದು ಮಾತು ಹೇಳಿದರು. ಇನ್ನು ಆ ಜಾಗದಲ್ಲಿ ಬಲೆ ಹಾಕುವುದಿಲ್ಲವಂತೆ.

ಐದನೇ ದಿನ

ವಾಪಸು ಬರುವಾಗ ಮೂಡಗಾಳಿ ಎದುರಿಗೆ. ಎದುರು ಗಾಳಿಗೆ ಯಾವ ಹಾಯಿದೋಣಿಯೂ ನೆಟ್ಟಗೆ ಹೋಗುವುದಿಲ್ಲ. ಓರೆಯಾಗಿ ಎಡಕ್ಕೆ ಸ್ವಲ್ಪ ದೂರ, ಮತ್ತೆ ತಿರುಗಿ ಬಲಕ್ಕೆ ಸ್ವಲ್ಪ ದೂರ, ಹೀಗೆ ಹಾವು ಹರಿದ ಹಾಗೆ ಹೋಗಬೇಕು. ಪ್ರತಿ ಸಲ ತಿರುಗುವಾಗ ಹಾಯಿ ತಲೆಯ ಮೇಲಿಂದ ಈ ಬದಿಯಿಂದ ಆ ಬದಿಗೆ ಬರುತ್ತದೆ. ಇವರು "ಬಗ್ಗು!" ಅನ್ನುತ್ತಾರೆ, ನಾನು ಬಗ್ಗಿ ಒಂದು ಹಲಗೆ ಎತ್ತಿ ಇನ್ನೊಂದನ್ನು ಇಳಿಸುತ್ತೇನೆ. ಎಪ್ಪತ್ತು ಸಲವಾದರೂ ಮಾಡಿರಬೇಕು. ಮಧ್ಯಾಹ್ನದ ಹೊತ್ತಿಗೆ ಇವರು ಹೇಳುವ ಮುಂಚೆಯೇ ನಾನು ಬಗ್ಗುತ್ತಿದ್ದೆ. ಬಿದಿರು ಕಟ್ಟಿದ ಚುಕ್ಕಾಣಿ ಅಲ್ಲಾಡಲಿಲ್ಲ.

ಹೋದ ದಾರಿಯೇ ಆದರೂ ಎಲ್ಲ ಬೇರೆ ಕಂಡಿತು. ಈಗ ಒಂದೊಂದು ಅಗಲವಾದ ನೀರು ಬಂದಾಗಲೂ ಕೆಳಗೆ ಯಾವ ಊರೋ ಅಂತ ನೋಡುತ್ತಿದ್ದೆ. ದಡದಲ್ಲಿ ಒಂದು ಕಡೆ ಹೆಂಚಿನ ಚೂರುಗಳು, ಒಂದು ಒರಳು ಕಲ್ಲು, ಅರ್ಧ ಮಣ್ಣಿನಲ್ಲಿ. ಮುಟ್ಟಿ ನೋಡಿ ಅಲ್ಲೇ ಬಿಟ್ಟು ಬಂದೆ. ಅದು ಬೇರೆ ಯಾರದೋ ಅವ್ವನದು.

ಸಂಜೆ ಐದಕ್ಕೆ ದಡ ಸೇರಿದೆವು. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದರು. ನೀರು ಕುಡಿಯಲು ಕೊಟ್ಟು, ನನ್ನ ಸುಟ್ಟ ಮುಖ ನೋಡಿ ಕೊಬ್ಬರಿ ಎಣ್ಣೆ ಹಚ್ಚಿದರು. ಊರಿನ ಮಾತೇ ಎತ್ತಲಿಲ್ಲ. ಊಟಕ್ಕೆ ಕೂತಾಗ ಇವರ ಕಡೆ ತಿರುಗಿ ಕೇಳಿದರು.

"ಅಳಿಯಂದ್ರೇ, ನಿಮ್ಮ ದೋಣೀಲಿ ಒರಗಿ ಕೂತ್ಕೊಳ್ಳೋಕೆ ಏನಾದ್ರೂ ಐತಾ? ನಂಗೆ ಸೊಂಟ ನೋವು."

ಇವರು ಮುದ್ದೆ ಮುರಿಯುತ್ತಿದ್ದವರು ಹಾಗೇ ನಿಂತರು. ಆಮೇಲೆ, "ಮಾಡಿಸ್ತೀನಿ ಅತ್ತೆ. ಯುಗಾದಿ ಒಳಗೆ ಆಗ್ತದೆ" ಅಂದರು.

ಮಾರನೇ ದಿನ ಬೆಳಿಗ್ಗೆ ಅಂಗಳದಿಂದ ಗರಗಸದ ಸದ್ದು ಬರುತ್ತಿತ್ತು.